ಫಲಾಫೆಲ್ ಎಣ್ಣೆಯ ಟ್ಯಾಕ್ಸಿ

ಅಪ್ಪ ಕೊಟ್ಟ ಕಾಫಿಯನ್ನು ಮುಹನ್ನದ್ ಕುಡಿಯದೆ ಕೆಳಗಿಟ್ಟ. ಅಂಗಡಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು.

ನಮ್ಮ ಊರು ಖಾನ್ ಯೂನಿಸ್‌ನಲ್ಲಿ ಹಾಗೆ ಮಾಡುವವರು ಹೆಣ್ಣು ಕೇಳಲು ಬಂದವರು. ಮನೆಯವರು ಹೂಂ ಅನ್ನುವವರೆಗೆ ಅವರು ಕಾಫಿ ಕುಡಿಯುವುದಿಲ್ಲ. ಅಪ್ಪನಿಗೆ ಇರುವವಳು ನಾನೊಬ್ಬಳೇ ಮಗಳು, ಹನೀನ್. ಬಾಣಲೆಯ ಹಿಂದೆ ನಿಂತು ಫಲಾಫೆಲ್ ವಡೆ ಕರಿಯುತ್ತಿದ್ದೆ.

ನನಗೆ ನಿಜ ಗೊತ್ತಿತ್ತು. ಅವನ ಕಿವಿ ಹೊರಗೆ ನಡುಗುತ್ತಿದ್ದ ತನ್ನ ಟ್ಯಾಕ್ಸಿಯ ಎಂಜಿನ್ ಮೇಲಿತ್ತು, ಕಪ್ಪನ್ನು ಮರೆತೇ ಕೆಳಗಿಟ್ಟಿದ್ದ. ಗಡಿ ಮುಚ್ಚಿದ ಮೇಲೆ ಡೀಸೆಲ್ ಇರಲಿಲ್ಲ. ನಾವು ಕರಿದು ಉಳಿಸಿದ ಎಣ್ಣೆಯನ್ನೇ ಸೋಸಿ ಅವನು ಕಾರಿಗೆ ಸುರಿಯುತ್ತಿದ್ದ. ದಿನವೂ ಬೆಳಿಗ್ಗೆ ಡಬ್ಬಿ ತುಂಬಿಕೊಳ್ಳಲು ಬಂದಾಗ ನಾನು ಏನಾದರೂ ಕೇಳುತ್ತಿದ್ದೆ.

"ಕಾರಿಗೆ ಹೊಟ್ಟೆ ಕೆಡಲ್ವಾ?"

"ಕೆಡುತ್ತೆ. ಚಳಿಗೆ ಎಣ್ಣೆ ಗಟ್ಟಿಯಾಗುತ್ತೆ. ಎಂಜಿನ್ ಒಮ್ಮೆ ಆರಿದ್ರೆ ಮುಗೀತು. ಅತ್ತೆ ಮನೇಲಿ ಉಂಡು ಮಲಗಿದ ಅಳಿಯನ ಥರ, ಏಳೋದೇ ಇಲ್ಲ."

"ಮತ್ತೆ ಬೆಳಿಗ್ಗೆ ಹೇಗೆ ಎಬ್ಬಿಸ್ತೀರಿ?"

"ಅದು ನಾಳೆ ಹೇಳ್ತೀನಿ."

ಹಾಗೆಂದು ಕಣ್ಣಂಚಿನಲ್ಲೇ ನಗುತ್ತಿದ್ದ. ಇಡೀ ದಿನ ನನಗೆ ಎಂಜಿನ್ನಿನದೇ ಯೋಚನೆ. ಎಂಜಿನ್ನಿನದು ಮಾತ್ರ ಎಂದುಕೊಂಡಿದ್ದೆ.

"ಒಬ್ಬನೇ ಬಂದ್ಯಾ? ಮನೇಲಿ ಹಿರಿಯರಿಲ್ವಾ?" ಕೆಳಗಿಟ್ಟ ಕಪ್ಪನ್ನು ನೋಡುತ್ತ ಅಪ್ಪ ಕೇಳಿದ.

"ಎಣ್ಣೆಗೆ ಹಿರಿಯರು ಯಾಕೆ ಕಾಕಾ?"

ಗಿರಾಕಿಗಳ ಸಾಲಿನಲ್ಲಿದ್ದ ಮುದುಕನೊಬ್ಬ ಕಪ್ಪಿನ ಕಡೆ ಕಣ್ಣು ತೋರಿ ಕೆಮ್ಮಿದ. ಮುಹನ್ನದ್ ಕಪ್ಪನ್ನು ನೋಡಿದ, ಆಮೇಲೆ ನನ್ನನ್ನು. ಅವನ ಕಿವಿಯ ತುದಿ ಕೆಂಪಾಯಿತು. ನಿಮ್ಮ ಮಗಳನ್ನೇ ಕೇಳಲು ಬಂದೆ ಅನ್ನಬಹುದಿತ್ತು. ಅನ್ನಲಿಲ್ಲ.

"ಮರೆತು ಇಟ್ಬಿಟ್ಟೆ ಕಾಕಾ."

ಅಪ್ಪ ಖಾಲಿ ಡಬ್ಬಿಯನ್ನೇ ಅವನ ಕೈಗೆ ಕೊಟ್ಟ. "ನಮ್ಮ ಹುಡುಗಿ ನಿಂಗೆ ತಮಾಷೆಯಾ? ನಾಳೆಯಿಂದ ಬರಬೇಡ."

ನಾಳೆ ಅವನು ಬರುವುದಿಲ್ಲ ಎಂದರೆ ಏನೆಂದು ನನಗೆ ಆಗ ತಿಳಿಯಿತು. ಕೈಯಲ್ಲಿದ್ದ ಸೌಟನ್ನು ಹಿಡಿದೇ ಅವನ ಹಿಂದೆ ಹೊರಗೆ ಹೋದೆ.

"ನಿಮ್ಮ ಮನೆ ಪಕ್ಕದಲ್ಲೇ ಮೀನು ಕರಿಯೋ ಅಂಗಡಿ ಇದೆ. ಅಲ್ಲೂ ಎಣ್ಣೆ ಕೊಡ್ತಾರೆ. ಇಷ್ಟು ದೂರ ಯಾಕೆ ಬರ್ತಿದ್ರಿ?"

"ಮೀನಿನ ವಾಸನೆಗೆ ಬೆಕ್ಕುಗಳು ಕಾರಿನ ಹಿಂದೆ ಬೀಳ್ತವೆ."

"ಅಷ್ಟೇನಾ?"

ಅವನು ಕಾರಿನ ಬಾಗಿಲು ತೆರೆದು ಮತ್ತೆ ಮುಚ್ಚಿದ. "ನಿಮ್ಮ ಪ್ರಶ್ನೆಗಳಿಗೆಲ್ಲ ಮೊದಲ ದಿನವೇ ಉತ್ತರ ಹೇಳಬಹುದಿತ್ತು. ಅರ್ಧ ಹೇಳಿ ಅರ್ಧ ಉಳಿಸ್ಕೊಳ್ತಿದ್ದೆ."

"ಮತ್ತೆ ಒಳಗೆ ಯಾಕೆ ಬಾಯಿ ಬಿಡ್ಲಿಲ್ಲ?"

"ಮೈಮರೆತು ಇಟ್ಟ ಕಪ್ಪನ್ನ ನೆಪ ಮಾಡ್ಕೊಂಡು ನಿಮ್ಮನ್ನ ಕೇಳಬೇಕಿತ್ತಾ? ನಿಮಗೆ ಇಷ್ಟ ಇದೆಯೋ ಇಲ್ವೋ ಗೊತ್ತಿಲ್ದೆ?"

ಇದೆ ಅಂದೆ. ಎಂಜಿನ್ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಕೂಗಿ ಹೇಳಬೇಕಾಯಿತು. ಸಾಲಿನಲ್ಲಿದ್ದವರಿಗೂ ಕೇಳಿಸಿತು.

ಒಳಗೆ ಬಂದಾಗ ಅಪ್ಪ ಏನೂ ಕೇಳಿಸದವನಂತೆ ಬಾಣಲೆಯಲ್ಲಿ ಫಲಾಫೆಲ್ ತಿರುವುತ್ತಿದ್ದ.

"ಏನಂತೆ ಅವನದು?"

"ಸಂಜೆ ತನ್ನ ಅಮ್ಮನ್ನೂ ದೊಡ್ಡಪ್ಪನ್ನೂ ಕರ್ಕೊಂಡು ಬರ್ತಾನಂತೆ."

"ಎಣ್ಣೆಗಾ?"

"ಅಲ್ಲ, ನನ್ನನ್ನ ಕೇಳೋಕೆ."

ಅಪ್ಪ ಒಲೆ ಆರಿಸಿದ. ಸಾಲಿನವರ ಕಡೆ ತಿರುಗಿದ.

"ಇವತ್ತು ಇಷ್ಟೇ ಕಣ್ರಪ್ಪ. ಮನೆಗೆ ನೆಂಟರು ಬರ್ತಿದ್ದಾರೆ."