ಗುಂಡಿ ಒತ್ತದ ಆಟ

"ಹ್ವಾಯ್... ನಿಂತ್ಕಂಡ್ ಆಡುವ ಗೇಮ್ ಇತ್ತಾ?"

ಆ ದನಿ ಕೇಳಿದ್ದೇ ಮೋಕ್ಷಿತಾ ತಟ್ಟನೆ ತಿರುಗಿದಳು.

ರತನ್! ಒಂದೂವರೆ ವರ್ಷದ ಮೇಲೆ...

ಕುಂದಾಪುರದಲ್ಲಿ ಸೋದರಮಾವ ಪ್ರೇಮಾನಂದರ ವಿಡಿಯೋ ಗೇಮ್ ಅಂಗಡಿಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಕಿರಿಮಂಜೇಶ್ವರದ ರತನ್, ತಾನು ದುಡಿಯುವ ಮೀನುಗಾರಿಕೆ ಬೋಟಿಗೆ ರಜೆಯಿದ್ದಾಗಲೆಲ್ಲ ಬರುತ್ತಿದ್ದ. ಒಂದೇ ಬೆಂಚಿನಲ್ಲಿ ಕುಳಿತು, ಗುಂಡಿಗಳ ಕಂಟ್ರೋಲರ್ ಹಿಡಿದು ಫುಟ್‌ಬಾಲ್ ಆಡುವಾಗ ಇಬ್ಬರ ಮೊಣಕೈ ತಾಗುತ್ತಿತ್ತು. ಇಬ್ಬರೂ ಸರಿದು ಕೂರುತ್ತಿರಲಿಲ್ಲ. ಬಾಯಿಬಿಟ್ಟು ಏನೂ ಹೇಳಿಯೂ ಇರಲಿಲ್ಲ.

ಆಮೇಲೆ ಅವನು ಬರುವುದನ್ನೇ ನಿಲ್ಲಿಸಿದ. ಫೋನೂ ಎತ್ತಲಿಲ್ಲ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಅವಳು ತಲೆ ಎತ್ತಿ ನೋಡುತ್ತಿದ್ದಳು.

ಈಗ ಬಂದವನು ಕೇಳುತ್ತಿರುವುದು, ಕೋಲಿನಂಥ ರಿಮೋಟ್ ಬೀಸಿ ಆಡುವ ಹೊಸ ಆಟ! ಅವಳಿಗದು ಸೇರುತ್ತಲೇ ಇರಲಿಲ್ಲ. ಕೈ ತಾಗದ ಹಾಗೆ ದೂರ ದೂರ ನಿಂತು ಆಡಬೇಕಲ್ಲ...

"ನಮ್ ಹಳೇ ಆಟವೇ ಇತ್ತಲ್ಲ. ಬಾ, ಕೂಕೋ." ಅವಳು ಕಂಟ್ರೋಲರ್ ಚಾಚಿದಳು.

"ಅದ್ ಬ್ಯಾಡ."

ನನ್ನ ಪಕ್ಕ ಕೂರುವುದೂ ಬೇಡವಾಯಿತೇ? ಹಾಗಾದರೆ ಯಾಕೆ ಬಂದ?

ಟೆನಿಸ್ ಶುರುವಾಯಿತು. ಸಿಟ್ಟಿನಲ್ಲಿ ಅವಳು ತೋಳು ಬೀಸಿ ಬೀಸಿ ಹೊಡೆದಳು. ಅವನದು ಎಡಗೈ ಆಟ, ಬಲಗೈ ಕಿಸೆಯಲ್ಲಿ. ಒಂದರ ಮೇಲೊಂದು ಚೆಂಡು ತಪ್ಪಿತು.

"ಎಂತ ತಮಾಷಿ ಮಾಡ್ತ್ಯಾ? ಬಲಗೈ ತೆಗಿ!"

ರತನ್ ಆಟ ನಿಲ್ಲಿಸಿದ. ನಿಧಾನವಾಗಿ ಕೈ ಹೊರಗೆ ತೆಗೆದ.

ಹೆಬ್ಬೆರಳು ಇರಲಿಲ್ಲ!

"ಬೋಟಲ್ಲಿ ಮೀನಿನ ಬಲಿ ಎಳೂವತಿಗೆ ಹಗ್ಗಕ್ಕೆ ಸಿಕ್ಕಿತ್. ಗುಂಡಿ ಒತ್ತುಕಾತಿಲ್ಲ ಇನ್ನ್..." ಅವನ ದನಿ ತಗ್ಗಿತು. "ನಿನ್ನ್ ಹತ್ರ ಬಪ್ಪುಕೆ ನಂಗೆ ಬೇರೆ ನೆವ ಇರ್ಲಿಲ್ಲ, ಮೋಕ್ಷಿತಾ. ಒಂದೇ ಕೈಯಲ್ಲಿ ಆಡುವ ಗೇಮ್ ಇಲ್ಲಿಗೆ ಬಂದಿತ್ ಅಂತ ನಿನ್ನೆ ಕೇಂಡೆ. ಇವತ್ತೇ ಬಂದೆ."

ಅವಳ ಕಣ್ಣು ತುಂಬಿತು. ತಾನು ಅಷ್ಟೆಲ್ಲ ಬೈದುಕೊಂಡದ್ದು ಈ ಕೈಯನ್ನೇ?

"ನೆವ ಬೇಕಿತ್ತಾ ಮಾರಾಯ? ಬಂದ ಸಂಬಂಧಕ್ಕೆಲ್ಲ ಬ್ಯಾಡ ಬ್ಯಾಡ ಅಂದೇ ಕೂಕಂಡಿದ್ದೆ ನಾನ್!"

"ಕೈ ಕಂಡ್ರೆ ನೀ ಅಯ್ಯೋ ಪಾಪ ಅಂಬ್ಯೇನೋ ಅಂತ ಹೆದ್ರಿಕಿ..."

"ಪಾಪ ನೀನಲ್ಲ. ನಾನ್."

ಅವಳು ಟಿವಿ ಆರಿಸಿ ಬಂದು, ಆ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವನು ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ನಾಳೆ ಮನಿಗೆ ಬಾ. ಮಾವನ ಹತ್ರ ಮಾತಾಡ್."

"ಎಂತ ಹೇಳುದ್?"

"ಮೊದ್ಲ್ ನಂಗೆ ಹೇಳ್. ಆಮೇಲೆ ಮಾವಂಗೆ."

ಅವನು ಕೈ ಎಳೆದುಕೊಳ್ಳುವುದನ್ನು ಬಿಟ್ಟ. "ನಂಗೆ... ನೀ ಬೇಕ್."

ಅವಳು ಅಳುತ್ತಲೇ ನಕ್ಕಳು.

"ಸಮಾ ಕೇಣ್ಲಿಲ್ಲ. ಇನ್ನೊಂದ್ ಸಲ ಹೇಳ್."