ಮಡಿಕೆಯೊಳಗೆ ಉಳಿಸಿದ ಬಟ್ಟೆ

"ಅಯ್ಯೋ... ಸಾಕು! ಬಿಡಿ ಮೇಡಂ, ಕೈ ಕಿತ್ತೇ ಬರುತ್ತೆ!"

ಅವಳ ಕೂಗಿಗೆ ಫಿಸಿಯೋಥೆರಪಿ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಸಿರು ಪರದೆಯ ಆಚೆಯಿಂದ ಗಂಡಸಿನ ದನಿಯೊಂದು ಕೇಳಿತು.

"ಪಾಪ, ಅವರನ್ನ ಬಿಟ್ಟುಬಿಡಿ ಮೇಡಂ... ಅಲ್ಲಲ್ಲ, ಬೇಡ! ಅವರನ್ನ ಬಿಟ್ರೆ ನನ್ನ ಹತ್ರ ಬರ್ತೀರಿ. ಅಲ್ಲೇ ಇರಿ!"

ಅಳುತ್ತಿದ್ದವಳಿಗೆ ಮೈಯೆಲ್ಲ ಉರಿಯಿತು. ಎಡಗೈಯಿಂದ ಪರದೆಯನ್ನು ಸರ್ರನೆ ಎಳೆದಳು.

"ನಿಮಗೆ ನಗು ಬರುತ್ತಾ?"

ಆಚೆಯ ಮಂಚದಲ್ಲಿ ಎಡಗಾಲು ಚಾಚಿ, ಮಂಡಿಯ ಮೇಲೆ ಮರಳಿನ ಚೀಲ ಹೊತ್ತು ಅವನು ಮಲಗಿದ್ದ. ತುಟಿಯಲ್ಲಿ ನಗು. ಆದರೆ ಕಣ್ಣು... ಕಣ್ಣಿನಿಂದ ಕಿವಿಯವರೆಗೂ ನೀರು ಹರಿದಿತ್ತು!

"ನಗದಿದ್ರೆ ನಾನೂ ನಿಮ್ಮ ಹಾಗೇ ಕೂಗ್ತೀನಿ ಅಷ್ಟೇ," ಎಂದ ಮೆಲ್ಲಗೆ.

ಅವಳ ಕೋಪ ಎಲ್ಲಿ ಹೋಯಿತೋ!

"ಇಬ್ಬರೂ ಮನೇಲಿ ದಿನಾ ವ್ಯಾಯಾಮ ಮಾಡ್ತಿದ್ದೀರಾ?" ಫಿಸಿಯೋ ಮೇಡಂ ಕೇಳಿದರು.

"ದಿನಾ ಮಾಡ್ತೀನಿ ಮೇಡಂ!" ಇಬ್ಬರ ಬಾಯಿಂದಲೂ ಒಟ್ಟಿಗೇ ಸುಳ್ಳು ಬಂತು.

"ನಿಮ್ಮ ಮಾತು ನಂಬೋಣ ಅಂದ್ರೆ ನಿಮ್ಮ ಭುಜ ಬಿಡ್ತಿಲ್ಲವಲ್ಲಮ್ಮ," ಮೇಡಂ ನಿಟ್ಟುಸಿರಿಟ್ಟರು. "ಇಲ್ಲಿ ನಾನು ಎಳೆಯೋದು ಹೆಚ್ಚೇನಲ್ಲ. ಮನೇಲಿ ಮಾಡೋದೇ ಮುಖ್ಯ. ಈಗ ಮಾಡಿದ್ರೆ ಸಡಿಲ ಆಗುತ್ತೆ. ಬಿಟ್ರೆ ಹೀಗೇ ಗಟ್ಟಿಯಾಗಿ ಕೂರುತ್ತೆ. ಆಮೇಲೆ ನನ್ನ ಬೈಬೇಡಿ."

* * *

ಅವಳು ಟೈಲರ್. ಅಕ್ಕನ ಜೊತೆ ಸೇರಿ ಅಂಗಡಿ ನಡೆಸುತ್ತಿದ್ದಳು. ಅಕ್ಕ ಹೊಲಿಗೆಗೆ, ಇವಳು ಕಟಿಂಗಿಗೆ. ಮೇಲಿನ ಅಟ್ಟಣೆಯಿಂದ ಬಟ್ಟೆಯ ಥಾನು ಇಳಿಸಲು ಹೋಗಿ ಸ್ಟೂಲಿನಿಂದ ಬಿದ್ದಿದ್ದಳು. ಮುರಿದ ಮೂಳೆ ಕೂಡಿಕೊಂಡಿತು. ಆದರೆ ಬಲ ಭುಜ ಬೀಗ ಹಾಕಿದಂತೆ ಹಿಡಿದುಕೊಂಡುಬಿಟ್ಟಿತು.

ಮಾಡಬೇಕಾದ ವ್ಯಾಯಾಮ ನೋಡಿದರೆ ನಗು ಬರಬೇಕು, ಅಷ್ಟು ಸಣ್ಣದು. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲೆ ಮೇಲೆ ಹತ್ತಿಸಬೇಕು. ಅಷ್ಟೇ!

ಆದರೆ ಬೆರಳು ಎದೆಯ ಮಟ್ಟ ದಾಟುವಷ್ಟರಲ್ಲಿ ಭುಜದೊಳಗೆ ಕತ್ತರಿ ಆಡಿಸಿದಂತಾಗುತ್ತಿತ್ತು. ಕೈ ತಾನಾಗಿ ಕೆಳಗಿಳಿಯುತ್ತಿತ್ತು. 'ಮೊದಲು ಈ ಗುಂಡಿಯ ಕಾಜಾ ಮುಗಿಸೋಣ... ಟೀ ಕುಡಿದು ಮಾಡೋಣ... ನಾಳೆ ಬೆಳಿಗ್ಗೆ ಖಂಡಿತ!' ಆ ನಾಳೆ ಬೆಳಿಗ್ಗೆ ಗೋಡೆಗೆ ಬೆನ್ನು ಮಾಡಿ ಕೂರುತ್ತಿದ್ದಳು. ಸೋಮಾರಿತನ ಅಂದರೆ ಸೋಮಾರಿತನ. ಭಯ ಅಂದರೆ ಭಯ. ಎರಡನ್ನೂ ಬಿಡಿಸಿ ನೋಡುವ ಶಕ್ತಿ ಅವಳಲ್ಲಿರಲಿಲ್ಲ.

ಅದಕ್ಕೇ ಅವಳು ತನಗೆ ಗೊತ್ತಿದ್ದ ವಿದ್ಯೆಯನ್ನೇ ಬಳಸಿದಳು. ಒಂದು ಭುಜ ಇಳಿದವರಿಗೆ ಒಳಗೊಂದು ಮೆತ್ತೆ, ಹೊಟ್ಟೆ ಬಂದವರಿಗೆ ಒಂದಿಷ್ಟು ಸಡಿಲ... ಮೈಯ ಊನವನ್ನು ಬಟ್ಟೆಯಲ್ಲಿ ಮುಚ್ಚುವುದೇ ಅವಳ ಕಸುಬಲ್ಲವೇ? ತಲೆಯ ಮೇಲಿಂದ ತೊಡುತ್ತಿದ್ದ ತನ್ನ ಅಂಗಿಗಳನ್ನೆಲ್ಲ ಮುಂದೆ ಸೀಳಿ ಗುಂಡಿ ಇಟ್ಟಳು. ಕಂಕುಳು ಅಗಲ ಮಾಡಿದಳು. ಹೊಲಿದ ಬಟ್ಟೆ ನೇತುಹಾಕುವ ಸರಳನ್ನು ಸೊಂಟದ ಮಟ್ಟಕ್ಕೆ ಇಳಿಸಿದಳು.

ಕೈ ಎತ್ತುವ ಕೆಲಸವೇ ಇಲ್ಲದಂತಾಯಿತು. ಕೈಯೂ ಏಳುವುದನ್ನು ಮರೆಯುತ್ತಾ ಬಂತು.

* * *

ಅವನು ಬಸ್ ಡ್ರೈವರ್. ಕಾಲು ಮುರಿದು, ಕಟ್ಟು ಬಿಚ್ಚಿದ ಮೇಲೆ ಮಂಡಿ ನೆಟ್ಟಗಾಗಲಿಲ್ಲ. ಕ್ಲಚ್ ಪೂರ್ತಿ ಒತ್ತಲಾಗದವನನ್ನು ಡಿಪೋದವರು ವಿಚಾರಣೆಯ ಕಿಟಕಿಯಲ್ಲಿ ಕೂರಿಸಿದ್ದರು.

"ಬಸ್ ಎಷ್ಟೊತ್ತಿಗೆ ಬರುತ್ತೆ ಅಂತ ಹೇಳೋ ಕೆಲಸ ಟೈಲರಮ್ಮ. ಬಸ್ ಓಡಿಸೋದೇ ವಾಸಿ, ಅದಾದ್ರೂ ನನ್ನ ಕೈಲಿರುತ್ತೆ!"

ಕೆಲಸಕ್ಕೆ ಹೋಗುವ ದಾರಿಯಲ್ಲೇ ಅವಳ ಅಂಗಡಿ. ಒಂದು ಬೆಳಿಗ್ಗೆ ಕುಂಟುತ್ತಾ ಬಂದವನು ಬೆಂಚಿನ ಮೇಲೆ ಕಾಲು ಚಾಚಿ ಕೂತ.

"ಒಬ್ಬನೇ ಇದ್ರೆ ಮಾಡೋದಿಲ್ಲ ನಾನು. ನೀವು ಬೆರಳು ಹತ್ತಿಸಿ, ನಾನು ಮಂಡಿ ಒತ್ತುತ್ತೀನಿ. ಯಾರು ಮೊದಲು ಅಳ್ತಾರೋ ಅವರು ಟೀ ತರಿಸ್ಬೇಕು."

"ನಾನು ಅಳೋದಿಲ್ಲ ಡ್ರೈವರ್ ಸಾಹೇಬ್ರೇ."

ಅವತ್ತು ಅವಳೇ ಟೀ ತರಿಸಿದಳು!

ಹಾಗೆ ಶುರುವಾಯಿತು. ಬೆರಳು ಮುಟ್ಟಿದ ಜಾಗಕ್ಕೆ ಅವನು ಅವಳ ನೀಲಿ ಚಾಕ್‌ನಿಂದ ಗೋಡೆಯ ಮೇಲೊಂದು ಗೆರೆ ಎಳೆಯುತ್ತಿದ್ದ. ಗೆರೆ ಗಲ್ಲದ ಮಟ್ಟಕ್ಕೆ ಬಂತು.

"ಏನೇ, ಗೋಡೆಗೂ ಅಳತೆ ತಗೊಳ್ತಿದ್ದೀಯಾ? ಶರ್ಟಾ, ಕೋಟಾ?" ಅಕ್ಕ ರೇಗಿಸಿದಳು.

ಅವಳ ಕಿವಿ ಕೆಂಪಾಯಿತು. ಬೆಳಿಗ್ಗೆ ಅವನ ಕುಂಟು ಹೆಜ್ಜೆಯ ಸಪ್ಪಳಕ್ಕೆ ಎದೆ ಹೊಡೆದುಕೊಳ್ಳುವುದನ್ನು ಯಾರಿಗೆ ಹೇಳುವುದು?

* * *

ಡ್ರೈವರ್ ಕೆಲಸಕ್ಕೆ ಮರಳಲು ಅವನಿಗೊಂದು ಪರೀಕ್ಷೆಯಿತ್ತು. ಅದಕ್ಕೆ ಹೊಸ ಯೂನಿಫಾರ್ಮ್ ಪ್ಯಾಂಟ್ ಹೊಲಿಯಲು ಕೊಟ್ಟ. ಅವಳು ಎಲ್ಲ ಪ್ರೀತಿಯನ್ನೂ ಅದರಲ್ಲಿಟ್ಟು ಕತ್ತರಿಸಿದಳು.

ಅವನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ಮುಖ ಅರಳಿತು.

"ಅರೆ! ಎರಡು ಕಾಲೂ ಸಮ ಕಾಣ್ತಿದೆಯಲ್ಲ!"

"ಕಾಣದೇ ಏನು?" ಅಕ್ಕ ಹೆಮ್ಮೆಯಿಂದ ಹೇಳಿಬಿಟ್ಟಳು. "ಎಡಗಾಲು ಗಿಡ್ಡ ಇಟ್ಟು ಮಡಚಿದ್ದಾಳೆ. ನಿಮ್ಮ ಮಂಡಿ ಸೊಟ್ಟ ಅಂತ ಯಾರಿಗೂ ಗೊತ್ತಾಗೋದಿಲ್ಲ ಈಗ!"

ಅವನ ನಗು ಆರಿಹೋಯಿತು.

"ಅಂದ್ರೆ... ಇದು ಯಾವತ್ತೂ ನೆಟ್ಟಗಾಗೋದಿಲ್ಲ ಅಂತ ತೀರ್ಮಾನ ಮಾಡಿಬಿಟ್ರಾ ಟೈಲರಮ್ಮ?"

"ಇಲ್ಲ... ನಾನು..."

"ನಿಮ್ಮ ಕೈಗೆ ನೀವು ಅಂಗಿ ಹೊಲ್ಕೊಂಡ ಹಾಗೇ ನನ್ನ ಕಾಲಿಗೂ ಹೊಲಿದ್ರಿ ಅಲ್ವಾ? ಎತ್ತೋದೇ ಬೇಡ, ನೆಟ್ಟಗೆ ಮಾಡೋದೇ ಬೇಡ. ಮುಚ್ಚಿಕೊಂಡ್ರೆ ಸಾಕು!"

ಅವಳ ಅಂಗಿಯ ಮಟ್ಟಿಗೆ ಆ ಮಾತು ನಿಜವಾಗಿತ್ತು. ಪ್ಯಾಂಟಿನ ಬಗ್ಗೆ ಹೇಳಬೇಕಾದ ಒಂದು ಮಾತು ನಾಲಿಗೆಯ ತುದಿಯಲ್ಲೇ ಉಳಿಯಿತು... ಅವನು ಕುಂಟುತ್ತಾ ಹೊರಟೇಹೋದ.

* * *

ಅವನು ಮತ್ತೆ ಬರಲಿಲ್ಲ. ಫಿಸಿಯೋ ಮೇಡಂ ಹತ್ತಿರ ಹೋಗುವ ಹೊತ್ತನ್ನೂ ಬದಲಿಸಿಕೊಂಡಿದ್ದ.

ಅವಳು ಗೋಡೆಯ ಮುಂದೆ ನಿಲ್ಲುತ್ತಿದ್ದಳು. ನೀಲಿ ಗೆರೆ ನೋಡುತ್ತಿದ್ದಳು. ಕೈ ಏಳುತ್ತಿರಲಿಲ್ಲ. 'ನೋಡುವವರೇ ಇಲ್ಲದ ಮೇಲೆ ಯಾತಕ್ಕೆ...' ದಿನಗಳು ಜಾರಿದವು. ಭುಜ ಮತ್ತೆ ಬಿಗಿಯಿತು. ಕತ್ತರಿ ಹಿಡಿದರೆ ನೋವು ಬೆರಳಿನವರೆಗೂ ಇಳಿಯತೊಡಗಿತು.

"ಹೀಗೇ ಆದ್ರೆ ಕಟಿಂಗಿಗೆ ಬೇರೆಯವರನ್ನ ಇಟ್ಕೋಬೇಕಾಗುತ್ತೆ ಕಣೇ," ಅಕ್ಕ ತಲೆ ತಗ್ಗಿಸಿಯೇ ಹೇಳಿದಳು. "ನನಗೆ ಸಂತೋಷನಾ ಇದು?"

ಅವಳಿಗೆ ಅಳು ಕೂಡ ಬರಲಿಲ್ಲ. ತನ್ನ ಕೈ, ತನ್ನ ಮಾತನ್ನೇ ಕೇಳದಿದ್ದರೆ ಯಾರನ್ನು ದೂರುವುದು?

ಆ ಮಧ್ಯಾಹ್ನ ತನ್ನ ಅಂಗಿಯೊಂದನ್ನು ತೆಗೆದುಕೊಂಡಳು. ಮುಂದಿನ ಗುಂಡಿಗಳನ್ನೆಲ್ಲ ಕಿತ್ತಳು. ಸೀಳನ್ನು ಮೇಲಿಂದ ಕೆಳಗೆ ಮಷೀನಿನಲ್ಲಿ ಹೊಲಿದುಬಿಟ್ಟಳು. ಇನ್ನು ತೊಡಬೇಕೆಂದರೆ ಕೈ ಎತ್ತಲೇಬೇಕು!

ಮರುದಿನ ಬೆಳಿಗ್ಗೆ ಒಳಗಿನಿಂದ ಕ್ಷೀಣ ದನಿ ಬಂತು.

"ಅಕ್ಕಾ... ಸಿಕ್ಕಿಹಾಕ್ಕೊಂಡಿದ್ದೀನಿ..."

ಅಕ್ಕ ಓಡಿಬಂದು ನೋಡಿದರೆ, ತಲೆ ಅಂಗಿಯೊಳಗೆ, ಒಂದು ಕೈ ಹೊರಗೆ, ಇನ್ನೊಂದು ಎಲ್ಲೋ ನಡುವೆ! ಬಟ್ಟೆಯೊಳಗಿಂದ ಬಿಕ್ಕುವ ಸದ್ದು.

"ಕತ್ತರಿಸಿ ತೆಗೀಲಾ?"

"ಬೇಡ! ಕತ್ತರಿಸ್ಬೇಡ... ಸ್ವಲ್ಪ ನಿಲ್ಲು. ಹೋಗುತ್ತೆ."

ಹೋಗುವಷ್ಟರಲ್ಲಿ ಇಬ್ಬರೂ ಅತ್ತಿದ್ದರು, ನಕ್ಕೂ ಇದ್ದರು. ಒಂದೊಂದು ದಿನ ಸೋತು ಹಳೆಯ ಗುಂಡಿಯಂಗಿಯನ್ನೇ ತೊಟ್ಟಳು. ಮಾರನೆಯ ದಿನ ಮತ್ತೆ ಇದನ್ನೆತ್ತಿಕೊಂಡಳು. ಸರಳನ್ನು ಮೊದಲಿದ್ದ ಎತ್ತರಕ್ಕೇ ಹಾಕಿಸಿದಳು. ಅಂಗಡಿಯ ಬಾಗಿಲು ತೆರೆಯುವ ಮೊದಲು ಗೋಡೆಯ ಮುಂದೆ ನಿಂತು, ಹಲ್ಲು ಕಚ್ಚಿ, ಬೆರಳು ಹತ್ತಿಸಿದಳು. ಗೆರೆ ಎಳೆಯಲು ಯಾರೂ ಇಲ್ಲದಿದ್ದರೂ.

* * *

"ಟೈಲರಮ್ಮ, ಒಂದು ಕಂಪ್ಲೇಂಟ್ ಇದೆ!"

ಅವಳ ಬೆರಳು ಗೋಡೆಯ ಮೇಲೇ ನಿಂತಿತು. ತಿರುಗಿದಳು. ಬಾಗಿಲಲ್ಲಿ ಅವನು!

"ನೀವು ಹೊಲಿದ ಪ್ಯಾಂಟ್ ಗಿಡ್ಡ ಆಗಿದೆ. ನೋಡಿ."

ಅವಳು ನೋಡಿದಳು. ಬಲಗಾಲು ಸರಿಯಾಗಿತ್ತು. ಎಡಗಾಲಿನ ಅಂಚು ಪಾದದ ಗಂಟಿನ ಮೇಲೆ ಏರಿ ನಿಂತು, ಕಾಲುಚೀಲ ಕಾಣುತ್ತಿತ್ತು. ಪ್ಯಾಂಟ್ ಗಿಡ್ಡವಾಗಿರಲಿಲ್ಲ... ಮಂಡಿ ನೆಟ್ಟಗಾಗಿತ್ತು!

ಅವಳ ಕಣ್ಣು ಮಂಜಾಯಿತು.

"ಇಸ್ತ್ರಿ ಮಾಡುವಾಗ ಎಡಗಾಲಿನ ಮಡಿಕೆ ದಪ್ಪ ಅನ್ನಿಸ್ತು," ಅವನ ದನಿ ತಗ್ಗಿತು. "ಒಳಮೈ ತಿರುವಿ ನೋಡಿದೆ. ಒಂದಿಷ್ಟೂ ಕತ್ತರಿಸಿರ್ಲಿಲ್ಲ ನೀವು. ಬಲಗಾಲಿನಷ್ಟೇ ಬಟ್ಟೆ, ಪೂರ್ತಿ ಒಳಗೆ ಮಡಚಿಟ್ಟಿದ್ರಿ. ಯಾಕೆ ಹೇಳ್ಲಿಲ್ಲ?"

"ನೀವು ಹೇಳೋಕೆ ಬಿಟ್ರೆ ತಾನೇ? ನಡೆಯೋಕಾಗದವರು ಅವತ್ತು ಓಡೇಹೋದ್ರಿ!"

ಅವನು ನಕ್ಕ. "ತಪ್ಪಾಯ್ತು. ಅವತ್ತೇ ಬಂದು ಹೇಳ್ಬೇಕಿತ್ತು. ಬರೀ ಬಾಯಿಮಾತಲ್ಲಿ ಹೇಳಿದ್ರೆ ಏನು ಚೆಂದ? ನೀವು ಉಳಿಸಿದ ಬಟ್ಟೆ ಬಿಚ್ಚಿಸೋ ಹಾಗಾದ ಮೇಲೇ ಮುಖ ತೋರಿಸೋಣ ಅಂತ... ಪರೀಕ್ಷೆ ಇನ್ನೂ ಆಗಿಲ್ಲ. ಫೇಲ್ ಆದ್ರೂ ಆಗಬಹುದು. ಆಗ ಕಿಟಕಿಯಲ್ಲೇ ಕೂರ್ತೀನಿ. ಆದ್ರೆ ಬೆಳಿಗ್ಗೆ ನಿಮ್ಮ ಬೆಂಚಿನ ಮೇಲೆ ಕೂರದೇ ಇರೋಕೆ ಮಾತ್ರ ನನ್ನಿಂದ ಆಗ್ತಿಲ್ಲ."

ಅವಳು ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

"ಒಂದು ಶರ್ಟಿಗೂ ಅಳತೆ ತಗೊಳ್ಳಿ," ಎಂದ.

"ಯಾವುದಕ್ಕೆ?"

"ಮದುವೆಗೆ."

ಅವಳ ಎದೆ ಧಸಕ್ಕೆಂದಿತು. "ಯಾರ ಮದುವೆ?"

"ಅದನ್ನ ಟೈಲರಮ್ಮನೇ ಹೇಳ್ಬೇಕು. ನಾನು ಒಪ್ಪಿಯಾಗಿದೆ."

ಒಳಗೆ ಅಕ್ಕನ ಮಷೀನು ತಟ್ಟನೆ ನಿಂತಿತು!

ಅವಳು ಟೇಪ್ ಹಿಡಿದು ಎದುರು ನಿಂತಳು. ಕೊರಳಿನ ಅಳತೆಗೆ ಕೈ ಎತ್ತಬೇಕು. ಅವಳ ಭುಜ ನಡುಗಿದ್ದನ್ನು ಕಂಡು ಅವನು ಮೆಲ್ಲಗೆ ಬಗ್ಗಿದ.

"ಬಗ್ಗಬೇಡಿ."

"ನೋವಾಗುತ್ತೆ ನಿಮಗೆ..."

"ಆಗ್ಲಿ. ನೆಟ್ಟಗೆ ನಿಂತ್ಕೊಳ್ಳಿ."

ಅವನು ನಿಂತ. ಅವಳ ಬೆರಳುಗಳು ಅವನ ಅಂಗಿಯ ಕೆಳಗಿನ ಗುಂಡಿಯಿಂದ ಹೊರಟು, ಮುಂದಿನ ಗುಂಡಿಗೆ, ಅಲ್ಲಿಂದ ಮೇಲಕ್ಕೆ, ಗೋಡೆ ಹತ್ತುವಂತೆ ಒಂದೊಂದಾಗಿ ಹತ್ತಿದವು. ನಡುವೆ ನಿಂತವು. ಉಸಿರು ಬಿಗಿಹಿಡಿದಳು. ಮತ್ತೆ ಹತ್ತಿದವು. ಕಾಲರ್ ಮುಟ್ಟಿದಾಗ ಅವಳ ಕೆನ್ನೆ ಪೂರ್ತಿ ಒದ್ದೆ.

"ಇಷ್ಟೇ... ಇದಕ್ಕಿಂತ ಮೇಲೆ ಇವತ್ತು ಆಗೋದಿಲ್ಲ."

"ನಾಳೆ?"

"ನಾಳೆ ಬೇಡ ಅನ್ನಿಸುತ್ತೆ ನನಗೆ. ದಿನಾ ಹಾಗೇ ಅನ್ನಿಸುತ್ತೆ."

ಅವನು ಆ ಕೈಯನ್ನು ಕೆಳಗಿಳಿಯಲು ಬಿಡದೆ ಹಿಡಿದುಕೊಂಡ.

"ಅನ್ನಿಸ್ಲಿ ಬಿಡಿ. ನೀವು ಈಗ ಹತ್ತಿದ ಈ ಗೋಡೆ ತಾನಾಗಿ ಎದ್ದು ಬರುತ್ತೆ, ಟೀ ತಗೊಂಡು."