ಫೋನಿನಲ್ಲೊಂದು ಸಿಲೋನ್ ದನಿ

"ರೀ, ಕನ್ನಡ ಬರೋರ ಕೈಗೆ ಫೋನ್ ಕೊಡ್ರೀ!"

ಆ ಕಡೆಯ ಗಂಡಸಿನ ದನಿ ಗುಡುಗಿತು. ವಡಿವು ಕಣ್ಣು ಮುಚ್ಚಿಕೊಂಡಳು. ಬೆಳಗಿನಿಂದ ಈ ಮಾತು ಹೇಳಿದವರಲ್ಲಿ ಇವನು ಎಷ್ಟನೆಯವನೋ...

"ನಂಗೇ ಹೇಳುಂಗ ಸಾರ್. ಮೋಟ್ಟರ್‌ಗೆ ಏನಾಚು?"

"ನಿಂತೋಗಿದೆ ಕಣಮ್ಮ! ಮಗ್ಗ ಎಲ್ಲಾ ಸುಮ್ನೆ ಕೂತವೆ. ಅರ್ಥ ಆಯ್ತಾ?"

"ಆಯ್ತು ಸಾರ್..."

೧೯೯೬ರ ಮಾತು. ಹೊಸಕೋಟೆಯಲ್ಲಿ ಮಗ್ಗದ ಮೋಟಾರು ಮಾರುವ ಕಂಪನಿಯೊಂದರಲ್ಲಿ ಗಿರಾಕಿಗಳ ದೂರು ಕೇಳುವುದು ವಡಿವುವಿನ ಕೆಲಸ. ಹುಟ್ಟಿದ್ದು ಸಿಲೋನಿನ ಟೀ ತೋಟದಲ್ಲಿ. ಚಿಕ್ಕವಳಿದ್ದಾಗಲೇ ಅಪ್ಪನ ಕೈ ಹಿಡಿದು ಹಡಗಿನಲ್ಲಿ ಈ ದೇಶಕ್ಕೆ ಬಂದಿದ್ದಳು. ಇಲ್ಲಿ ಕನ್ನಡ ಕಲಿತಳು, ಓದಿದಳು. ಆದರೆ ಬಾಯಿ ತೆರೆದರೆ ಸಾಕು, ಆ ತೋಟದ ತಮಿಳು ಕನ್ನಡದೊಳಗೆ ನುಗ್ಗಿಬಿಡುತ್ತಿತ್ತು!

ಫೋನ್ ಮಾಡಿದವನು ದೊಡ್ಡಬಳ್ಳಾಪುರದ ನೇಕಾರ ಮುನಿಕೃಷ್ಣ. ಮೋಟಾರು ರಿಪೇರಿಯಾದ ಮೇಲೂ ಅವನ ಫೋನ್ ನಿಲ್ಲಲಿಲ್ಲ. ಬೆಲ್ಟ್ ಯಾವುದು ಹಾಕಲಿ, ಎಣ್ಣೆ ಯಾವಾಗ ಬಿಡಲಿ... ಅವಳಿಗೆ ಮೊದಮೊದಲು ಬೇಸರ. ಆಮೇಲಾಮೇಲೆ ಆ ದನಿಗಾಗಿಯೇ ಕಾಯತೊಡಗಿದಳು.

ಒಂದು ದಿನ ಅವನು, "ಯಾಕೆ ದನಿ ಸಣ್ಣಗಿದೆ, ಏನಾಚು?" ಎಂದ. ಥೇಟ್ ಅವಳಂತೆಯೇ!

'ಇವನೂ ಅಣಕಿಸ್ತಿದ್ದಾನೆ!' ಅವಳು ಫೋನ್ ಕುಕ್ಕಿದಳು.

ಮರುದಿನವೇ ಮ್ಯಾನೇಜರ್ ಆಂಜಿನಪ್ಪ ಕರೆದರು. "ನಿನ್ ಮಾತು ಅರ್ಥ ಆಗಲ್ಲ ಅಂತ ಕಂಪ್ಲೇಂಟ್ ಬಂದಿದೆ ಕಣಮ್ಮ. ನಾಳೆಯಿಂದ ಪ್ಯಾಕಿಂಗ್‌ಗೆ ಹೋಗು."

'ಅವನೇ ಹೇಳಿರಬೇಕು...' ಅಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಅವಳು ರಟ್ಟಿನ ಡಬ್ಬಗಳಿಗೆ ಟೇಪು ಸುತ್ತುತ್ತಿದ್ದಾಗ ಯಾರೋ ಬಂದು ನಿಂತರು.

"ವಡಿವು ಅಂದ್ರೆ ನೀವೇನಾ? ನಾನು... ಮುನಿಕೃಷ್ಣ."

"ಇನ್ನೇನು ಬೇಕು ಸಾರ್? ಕಂಪ್ಳೇಂಟ್ ಕೊಟ್ಟಾಚಲ್ಲ!"

"ಅಯ್ಯೋ, ನಾನಾ? ಆ ಹುಡುಗಿ ಎಲ್ಲಿ ಅಂತ ಫೋನ್ ಮಾಡಿ ಮಾಡಿ ನಿಮ್ಮ ಮ್ಯಾನೇಜರ್ ಹತ್ರ ಬೈಸ್ಕೊಂಡಿದ್ದೀನಿ!"

"ಮತ್ತೆ ಅವತ್ತು ಅಣಕಿಸಿದ್ದು?"

ಅವನು ತಲೆ ತಗ್ಗಿಸಿದ. "ಅಣಕ ಅಲ್ಲ ಕಣ್ರೀ... ದಿನಾ ಕೇಳಿ ಕೇಳಿ ನನ್ನ ಬಾಯಿಗೂ ಬಂದ್ಬಿಟ್ಟಿದೆ. ನಿನ್ ಮಾತೇ ಬದಲಾಗಿದೆ, ಯಾರೋ ಆ ಹುಡುಗಿ ಅಂತ ಅಮ್ಮನೂ ಕೇಳಿದ್ಳು. ನಮ್ಮನೇಲಿ ಮಾತು ತೆಲುಗು. ಬೆಂಗ್ಳೂರು ಚಿಕ್ಕಪೇಟೆಗೆ ಸೀರೆ ತಗೊಂಡೋದ್ರೆ ನನ್ನ ಕನ್ನಡಕ್ಕೂ ನಗ್ತಾರೆ. ಅಂಥೋನು ಮೊದಲ ದಿನ ನಿಮ್ಮೇಲೆ ಕೂಗಾಡ್ಬಿಟ್ಟೆ. ತಪ್ಪಾಯ್ತು."

ವಡಿವು ಡಬ್ಬದ ಮೇಲೆ ಕುಸಿದು ಕುಳಿತಳು. "ಸುಸ್ತಾಗೋಯ್ತು ಸಾರ್. ಒಂದೊಂದ್ ಮಾತಿಗೂ ಯಾರ್ ನಗ್ತಾರೋ ಅಂತ ಭಯ..."

"ನನ್ನ ಹತ್ರ ಭಯ ಬೇಡ. ನಿಮ್ಮನ್ನ ಮದುವೆ ಆಗ್ಬೇಕು ಅಂತಿದೀನಿ."

ಅವಳು ಕೈಯಲ್ಲಿದ್ದ ಟೇಪನ್ನು ಪಕ್ಕಕ್ಕಿಟ್ಟಳು. ಮೆಲ್ಲಗೆ, "ಅಪ್ಪನ್ನ ಕೇಳ್ಬೇಕು. ಅವ್ರಿಗೆ ಕನ್ನಡ ಬರಲ್ಲ," ಎಂದಳು.

"ನಿಮ್ಮ ಭಾಷೇಲೇ ಕೇಳ್ತೀನಿ. ಹೇಳ್ಕೊಡಿ."

ಅವಳು ನಾಚುತ್ತಲೇ ಒಂದು ಸಾಲು ಹೇಳಿಕೊಟ್ಟಳು. ಅವನು ಗಂಟಲು ಸರಿಮಾಡಿಕೊಂಡು ಶುರುಮಾಡಿದ, ನಡುವೆಯೇ ಎಡವಿದ, ಮತ್ತೆ ಎಡವಿದ. ವಡಿವು ಸೆರಗು ಬಾಯಿಗೊತ್ತಿ ನಕ್ಕಳು!

"ತಪ್ಪಾಯ್ತಾ?"

"ಪೂರಾ ತಪ್ಪು..." ಅವಳು ಕಣ್ಣೊರೆಸಿಕೊಂಡಳು. "ಆದ್ರೆ ಅಪ್ಪಂಗೆ ಅರ್ಥ ಆಗುತ್ತೆ."